ಪದವಿನ ಅಡಿಯಲ್ಲಿ ಏನುಂಟು ಅಂತ ಮಿಷನ್ ಹೇಳುತ್ತದಾ?

ಪ್ರಶ್ನೆ: ಸರ್, ನಮಸ್ಕಾರ. ಕಾರ್ಕಳದಿಂದ ಸ್ವಲ್ಪ ಒಳಗೆ ನಮ್ಮದು ಆರು ಎಕರೆ ಜಾಗ ಉಂಟು. ಅರ್ಧ ಪದವು (ಎತ್ತರದ ಕಲ್ಲು ಬಯಲು), ಅರ್ಧ ಗುಡ್ಡೆ. ಅಜ್ಜನ ಕಾಲದಿಂದ ಗೇರು ಬಿಟ್ಟರೆ ಬೇರೆ ಏನೂ ಬೆಳೆದದ್ದಿಲ್ಲ. ಈಗ ಪಾಲು ಆಗುವ ಹೊತ್ತಿಗೆ ಒಬ್ಬೊಬ್ಬರೇ ಬರಲು ಶುರು ಮಾಡಿದ್ದಾರೆ. ಒಬ್ಬರು ಅಡಿಯಲ್ಲಿ ಬಾಕ್ಸೈಟ್, ಅಂದರೆ ಅಲ್ಯುಮಿನಿಯಂ ಅದಿರು ಇದೆ ಅಂತಾರೆ. ಇನ್ನೊಬ್ಬರು ಬಿಳಿ ಶೇಡಿ (ಜೇಡಿಮಣ್ಣು) ಇದೆ, ಹತ್ತು ಮೀಟರ್ ದಪ್ಪ, ಕಾರ್ಖಾನೆಯವರಿಗೆ ಬೇಕು ಅಂತಾರೆ. ಮೂರನೆಯವರು ಎರಡು ಕಂಬಿ ಇರುವ ಮಿಷನ್ ಹಿಡಿದು ನಡೆದು, ನೂರಿಪ್ಪತ್ತು ಅಡಿಯಲ್ಲಿ ಚಿನ್ನದ ಗೆರೆ ಹೋಗಿದೆ ಅಂದರು. ಪಕ್ಕಾ ರಿಪೋರ್ಟಿಗೆ 90 ಸಾವಿರ ಕೇಳಿದ್ದಾರೆ. ನಮ್ಮ ಭಾವ ಇಂಜಿನಿಯರ್. ಅವರು, ‘ಜಿಯೋಫಿಸಿಕಲ್ ಸರ್ವೆ ಮಾಡಿಸು, ಸ್ಕ್ಯಾನಿಂಗ್ ಇದ್ದ ಹಾಗೆ, ಎಲ್ಲ ಗೊತ್ತಾಗ್ತದೆ’ ಅಂತಾರೆ. ನಿಜವಾಗಿ ಎಷ್ಟು ಗೊತ್ತಾಗುತ್ತದೆ? ಯಾವ ಸರ್ವೆ ಮಾಡಿಸಬೇಕು?

ಉತ್ತರ: ಮೊದಲು ಆ ಎರಡು ಕಂಬಿಯವರ ಲೆಕ್ಕ ಮುಗಿಸಿಬಿಡೋಣ. ಚಾ ಕೊಟ್ಟು ಕಳಿಸಿ. 90 ಸಾವಿರ ಕೊಡಬೇಡಿ.

ಚಿನ್ನದ ಗಣಿ ಅಂದರೆ ಕಲ್ಲಿನೊಳಗೆ ಬಂಗಾರದ ಸರಿಗೆ ಎಳೆದಿಟ್ಟ ಹಾಗೆ ಇರುವುದಿಲ್ಲ. ಒಂದು ಟನ್ ಅದಿರು ಪುಡಿ ಮಾಡಿ ನಾಲ್ಕೈದು ಗ್ರಾಂ ಸಿಕ್ಕಿದರೆ ಅದೇ ದೊಡ್ಡದು. ಹತ್ತು ಲಕ್ಷ ಗ್ರಾಂ ಕಲ್ಲಿನಲ್ಲಿ ನಾಲ್ಕೈದು ಗ್ರಾಂ! ಅದನ್ನು ನೆಲದ ಮೇಲೆ ನಿಂತು ಹಿಡಿಯುವ ಯಂತ್ರ ಇನ್ನೂ ಹುಟ್ಟಿಲ್ಲ. ರಾಯಚೂರಿನ ಹಟ್ಟಿಯಂಥ ಜಾಗದಲ್ಲೂ ಸರ್ವೆಯವರು ನೇರ ಚಿನ್ನ ಹುಡುಕುವುದಿಲ್ಲ. ಚಿನ್ನ ಕೂರುವ ಜಾಗ ಹುಡುಕುತ್ತಾರೆ: ಕಲ್ಲು ಒಡೆದು ಜಾರಿದ ಪಟ್ಟಿ, ಅದರಲ್ಲಿ ಚಿನ್ನದ ಜೊತೆಗೆ ಬರುವ ಗಂಧಕದ ಖನಿಜ, ಇಂಥವು. ಅಂಗಡಿಯಲ್ಲಿ ಸಿಗುವ ಲೋಹಶೋಧಕ ಸುಳ್ಳಲ್ಲ. ಬಿದ್ದುಹೋದ ಬಳೆಯನ್ನು ಅಡಿಯಷ್ಟು ಆಳದಲ್ಲಿ ಹುಡುಕಿಕೊಡುತ್ತದೆ. ನೂರಿಪ್ಪತ್ತು ಅಡಿ ಅದರ ಲೆಕ್ಕಕ್ಕೇ ಇಲ್ಲ. ಕೈಯಲ್ಲಿ ತಿರುಗುವ ಎರಡು ಕಂಬಿಗೂ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವುದಕ್ಕೂ ಒಂದೇ ವ್ಯತ್ಯಾಸ. ತೆಂಗಿನಕಾಯಿಯವರು ಇಷ್ಟು ದುಡ್ಡು ಕೇಳುವುದಿಲ್ಲ.

ಈಗ ನಿಮ್ಮ ಭಾವನ ಮಾತು. ಅವರು ಹೇಳಿದ್ದು ಅರ್ಧ ಸರಿ. ಸರ್ವೆಯ ಯಂತ್ರಗಳಿಗೆ ಖನಿಜದ ಹೆಸರು ಗೊತ್ತಿಲ್ಲ. ಅವು ಕಲ್ಲುಮಣ್ಣಿನ ಒಂದೊಂದು ಗುಣವನ್ನು ಮಾತ್ರ ಅಳೆಯುತ್ತವೆ. ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ, ಅಯಸ್ಕಾಂತಕ್ಕೆ ಎಷ್ಟು ಓಗೊಡುತ್ತದೆ, ಎಷ್ಟು ಭಾರ, ತಟ್ಟಿದರೆ ಅಲೆ ಎಷ್ಟು ಬೇಗ ಓಡುತ್ತದೆ. ಅಷ್ಟೇ. ಹಲಸಿನಕಾಯಿ ತಟ್ಟಿ ನೋಡುತ್ತೇವಲ್ಲ, ಹಾಗೆ. ಬಲಿತಿದೆಯಾ ಅಂತ ಸದ್ದಿನಲ್ಲಿ ಗೊತ್ತಾಗುತ್ತದೆ. ಬಕ್ಕೆಯಾ ತುಳುವನಾ, ಸಿಹಿಯಾ ಸಪ್ಪೆಯಾ ಅಂತ ಕೊಯ್ದೇ ನೋಡಬೇಕು. ಹಾಗಾಗಿ ‘ಯಾವ ಸರ್ವೆ ಮಾಡಿಸಲಿ’ ಅನ್ನುವ ಮೊದಲು ‘ಏನು ಹುಡುಕುತ್ತಿದ್ದೇನೆ, ಅದು ಪಕ್ಕದ ಮಣ್ಣಿಗಿಂತ ಯಾವ ಗುಣದಲ್ಲಿ ಬೇರೆ’ ಅಂತ ಕೇಳಬೇಕು. ಬೇರೆಯೇ ಅಲ್ಲದಿದ್ದರೆ ಯಾವ ಯಂತ್ರ ತಂದರೂ ಅಷ್ಟೆ.

ನೀವು ಒಂದು ಪೈಸೆ ಖರ್ಚು ಮಾಡುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಬಾವಿಗೆ ಇಣುಕಿ.

ತಮಾಷೆ ಮಾಡುತ್ತಿಲ್ಲ. ನಮ್ಮ ಕರಾವಳಿಯಲ್ಲಿ ಪ್ರತಿ ಮನೆಗೂ ಒಂದು ತೆರೆದ ಬಾವಿ ಇದೆ. ಅದರ ಗೋಡೆಯೇ ನಿಮ್ಮ ಜಾಗದ ಒಳಗಿನ ಚಿತ್ರ. ಕಲ್ಲು ಕಟ್ಟದೆ ಬಿಟ್ಟ ಬಾವಿಯಾದರೆ ಇನ್ನೂ ಒಳ್ಳೆಯದು. ಏಪ್ರಿಲ್ ತಿಂಗಳಲ್ಲಿ ನೀರು ಇಳಿದಾಗ ಟಾರ್ಚ್ ಹಾಕಿ ನೋಡಿ. ಮೇಲೆ ಮುರಕಲ್ಲು, ಗಟ್ಟಿ, ತೂತು ತೂತು. ಅದರ ಕೆಳಗೆ ಮೆತ್ತಗಿನ ಶೇಡಿ. ಬಿಳಿ, ಹಳದಿ, ಕೆಲವು ಕಡೆ ನೇರಳೆ ಗೆರೆ. ಅದರ ಕೆಳಗೆ ಕೊಳೆತ ಕಲ್ಲು. ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಆದರೆ ಮೂಲ ಕಲ್ಲಿನ ಪದರ ಇನ್ನೂ ಕಾಣುತ್ತದೆ. ಎಲ್ಲಕ್ಕಿಂತ ಕೆಳಗೆ ಗಟ್ಟಿ ಪಾದೆ, ಹೆಚ್ಚಿನ ಕಡೆ ನೈಸ್ ಅಥವಾ ಗ್ರಾನೈಟ್. ಈ ನಾಲ್ಕೂ ಒಂದೇ ಕಲ್ಲಿನ ನಾಲ್ಕು ಅವಸ್ಥೆ. ಲಕ್ಷಗಟ್ಟಲೆ ವರ್ಷ ಮಳೆ ಸುರಿದು, ಕರಗುವುದೆಲ್ಲ ಕರಗಿ ಹೋಗಿ, ಮೇಲೆ ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದು ಗಟ್ಟಿಯಾದದ್ದು ಮುರಕಲ್ಲು. ಇಂಗ್ಲಿಷಿನವರು ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು 1807ರಲ್ಲಿ, ಕೇರಳದ ಅಂಗಾಡಿಪುರದ ಕಲ್ಲು ನೋಡಿ. ನಮ್ಮವರು ಅದಕ್ಕೂ ಎಷ್ಟೋ ಮೊದಲು ಅದರಲ್ಲಿ ಮನೆ ಕಟ್ಟಿ ಆಗಿತ್ತು, ಅದು ಬಿಡಿ.

ಈ ನಾಲ್ಕು ಪದರದಲ್ಲಿ ಕರೆಂಟ್ ಹರಿಯುವ ರೀತಿ ಬೇರೆ ಬೇರೆ. ಒಣಗಿದ ಮುರಕಲ್ಲಿಗೆ ಸಾವಿರಗಟ್ಟಲೆ ಓಂ-ಮೀಟರ್ ತಡೆ. ಒದ್ದೆ ಶೇಡಿಗೆ ಕೆಲವು ಹತ್ತರಿಂದ ನೂರಿನ್ನೂರರ ಒಳಗೆ. ಕೊಳೆತ ಕಲ್ಲು ಅದಕ್ಕಿಂತ ಸ್ವಲ್ಪ ಜಾಸ್ತಿ. ಗಟ್ಟಿ ಪಾದೆ ಮತ್ತೆ ಸಾವಿರ ದಾಟುತ್ತದೆ. ಹೀಗೆ ಜಾಸ್ತಿ, ಕಡಿಮೆ, ಮತ್ತೆ ಜಾಸ್ತಿ ಅಂತ ಮೂರು ಮೆಟ್ಟಿಲು ಸ್ಪಷ್ಟವಾಗಿ ಇರುವುದರಿಂದ ನಿಮ್ಮ ಜಾಗಕ್ಕೆ ಹೊಂದುವ ಸರ್ವೆ ಇದೇ: ವಿದ್ಯುತ್ ರೋಧ ಸರ್ವೆ. ಸರ್ವೆಯವರು ‘ರೆಸಿಸ್ಟಿವಿಟಿ’ ಅಥವಾ ‘ಇ.ಆರ್.ಟಿ.’ ಅನ್ನುತ್ತಾರೆ. ಬೋರ್ ಪಾಯಿಂಟ್ ನೋಡಲು ನಾಲ್ಕು ಕಂಬಿ ಚುಚ್ಚಿ ಮಾಡುತ್ತಾರಲ್ಲ, ಅದರ ದೊಡ್ಡಣ್ಣ.

ಅದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಬಂದವರು ಸರಿಯಾಗಿ ಮಾಡುತ್ತಾರಾ ಅಂತ ನೋಡಲು ನಿಮಗೆ ಬೇಕಾಗುತ್ತದೆ.

ಒಂದು ನೇರ ಗೆರೆಯಲ್ಲಿ 48 ಸ್ಟೀಲ್ ಕಂಬಿ ಹೊಡೆಯುತ್ತಾರೆ. ಎಲ್ಲಕ್ಕೂ ಒಂದು ಉದ್ದದ ಕೇಬಲ್. ಯಂತ್ರ ಎರಡು ಕಂಬಿಯಿಂದ ನೆಲಕ್ಕೆ ಕರೆಂಟ್ ಬಿಟ್ಟು ಇನ್ನೆರಡರಲ್ಲಿ ವೋಲ್ಟೇಜ್ ಅಳೆಯುತ್ತದೆ. ಆಮೇಲೆ ಬೇರೆ ನಾಲ್ಕು, ಮತ್ತೆ ಬೇರೆ ನಾಲ್ಕು, ಹೀಗೆ ನೂರಾರು ಸಲ. ಕಂಬಿ ದೂರ ದೂರ ಇದ್ದಷ್ಟೂ ಆಳದ ಸುದ್ದಿ ಬರುತ್ತದೆ. ಗೆರೆಯ ಉದ್ದದ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಆಳ ಸಿಗುತ್ತದೆ ಅಂತ ಅಂದಾಜು ಇಟ್ಟುಕೊಳ್ಳಿ. ಐದೈದು ಮೀಟರಿಗೆ ಕಂಬಿ ಹೊಡೆದರೆ ಗೆರೆ 235 ಮೀಟರ್, ಆಳ ನಲವತ್ತರ ಹತ್ತಿರ. ಆದರೆ ನಿಮ್ಮ ಆರು ಎಕರೆ ಚೌಕಾಕಾರವಾಗಿದ್ದರೂ ಒಂದು ಬದಿ 155 ಮೀಟರ್ ಮಾತ್ರ. ಗೆರೆ ಪಕ್ಕದ ಮನೆಯವರ ತೋಟಕ್ಕೆ ಹೋಗುತ್ತದೆ. ಮೂರು ಮೀಟರಿಗೊಂದು ಹೊಡೆದರೆ 141 ಮೀಟರಿನಲ್ಲಿ ಮುಗಿಯುತ್ತದೆ, ಆಳ ಇಪ್ಪತ್ತೈದರ ಆಸುಪಾಸು. ಮುರಕಲ್ಲು, ಶೇಡಿ ನೋಡಲು ಅಷ್ಟು ಧಾರಾಳ ಸಾಕು. ‘ನಾವು ನೂರು ಮೀಟರ್ ಆಳ ತೋರಿಸುತ್ತೇವೆ’ ಅಂದವರಿಗೆ ‘ಗೆರೆ ಎಷ್ಟು ಉದ್ದ ಹಾಕುತ್ತೀರಿ’ ಅಂತ ಕೇಳಿ. ಅಲ್ಲಿಗೆ ಮಾತು ಮುಗಿಯುತ್ತದೆ.

ಪದವಿನಲ್ಲಿ ಕಂಬಿ ಹೊಡೆಯುವುದೇ ಒಂದು ಯುದ್ಧ. ಬೇಸಿಗೆಯಲ್ಲಿ ಮುರಕಲ್ಲು ಕಬ್ಬಿಣದ ಹಾಗೆ. ಸುತ್ತಿಗೆ ಪುಟಿಯುತ್ತದೆ, ಕಂಬಿ ಬಾಗುತ್ತದೆ. ಹೇಗೋ ಅರ್ಧ ಅಡಿ ಇಳಿಸಿದರೂ ಒಣ ಕಲ್ಲಿಗೂ ಕಂಬಿಗೂ ಸಂಪರ್ಕ ಇಲ್ಲ. ಕರೆಂಟ್ ಒಳಗೆ ಹೋಗುವುದೇ ಇಲ್ಲ. ಅದಕ್ಕೆ ಒಂದು ಬಕೆಟ್ ನೀರಿಗೆ ಉಪ್ಪು ಕದಡಿ ಪ್ರತಿ ಕಂಬಿಯ ಬುಡಕ್ಕೂ ಸುರಿಯಬೇಕು. ಬುಡಕ್ಕೆ ಸ್ವಲ್ಪ ಕೆಸರು ಮೆತ್ತಿದರೆ ಇನ್ನೂ ಒಳ್ಳೆಯದು. ಆಮೇಲೆ ಯಂತ್ರದಲ್ಲಿ ಒಂದೊಂದು ಕಂಬಿಯ ಸಂಪರ್ಕ ಪರೀಕ್ಷೆ ಮಾಡಿ, ಕೆಟ್ಟದ್ದು ಯಾವುದು ಅಂತ ನೋಡಿ, ಅಲ್ಲಿಗೆ ಮತ್ತೆ ಬಕೆಟ್ ಹೊರಬೇಕು. ಮೂವತ್ತೊಂದನೇ ಕಂಬಿಗೆ ಮೂರನೇ ಸಲ ಉಪ್ಪುನೀರು ಹಾಕುವಾಗ ಹನ್ನೊಂದು ಗಂಟೆಯ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಗೇರುಮರದ ನೆರಳು ಬೇಕಾದ ಕಡೆ ಇರುವುದಿಲ್ಲ. ನಿಮ್ಮ ಜಾಗಕ್ಕೆ ಬಂದವರು ಈ ಬಕೆಟಿನ ಕೆಲಸ ಮಾಡದೆ ಬಟನ್ ಒತ್ತಿದರೆ, ಸಂಜೆ ಬರುವ ಬಣ್ಣದ ಚಿತ್ರವನ್ನು ನಂಬಬೇಡಿ. ನನ್ನನ್ನು ಕೇಳಿದರೆ ನಮ್ಮ ಕಡೆ ಈ ಸರ್ವೆಗೆ ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮಳೆ ನಿಂತಿರುತ್ತದೆ, ನೆಲ ಇನ್ನೂ ಒದ್ದೆ ಇರುತ್ತದೆ.

ಆ ಬಣ್ಣದ ಚಿತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೋಸ ಆಗುವುದು ಅಲ್ಲೇ. ಯಂತ್ರ ಕೊಡುವುದು ಅಂಕಿಗಳನ್ನು. ಚಿತ್ರ ಬರೆಯುವುದು ಕಂಪ್ಯೂಟರ್. ಯಾವ ಅಂಕಿಗೆ ಯಾವ ಬಣ್ಣ ಅಂತ ನಿರ್ಧರಿಸುವುದು ಮನುಷ್ಯ. ಅದೇ ಅಂಕಿಗಳನ್ನು ಇಟ್ಟುಕೊಂಡು ಇಡೀ ಚಿತ್ರ ನೀಲಿ ಮಾಡಬಹುದು, ನಡುವೆ ಒಂದು ಕೆಂಪು ಉಂಡೆಯನ್ನೂ ತೋರಿಸಬಹುದು. ಹಾಗಾಗಿ ಚಿತ್ರದ ಜೊತೆ ಮೂಲ ಅಂಕಿಗಳ ಫೈಲ್ ಕೂಡ ಕೇಳಿ ಇಟ್ಟುಕೊಳ್ಳಿ. ನಾಳೆ ಬೇರೆಯವರಿಗೆ ತೋರಿಸಲು ಬೇಕು.

ಇನ್ನೊಂದು ಇಕ್ಕಟ್ಟು ಯಾರ ತಪ್ಪೂ ಅಲ್ಲ. ಅದು ವಿದ್ಯೆಯ ಮಿತಿ. ಎರಡು ಗಟ್ಟಿ ಪದರದ ನಡುವೆ ಸಿಕ್ಕಿಕೊಂಡ ಶೇಡಿಯಂಥ ಪದರದಲ್ಲಿ ದಪ್ಪವನ್ನು ರೋಧದಿಂದ ಭಾಗಿಸಿದರೆ ಬರುವ ಅಂಕಿ ಮಾತ್ರ ನೆಲದ ಮೇಲೆ ನಿಂತು ಅಳೆಯುವವರಿಗೆ ಗಟ್ಟಿಯಾಗಿ ಗೊತ್ತಾಗುತ್ತದೆ. 50 ಓಂ-ಮೀಟರಿನ ಶೇಡಿ 5 ಮೀಟರ್ ಇದ್ದರೂ, 100 ಓಂ-ಮೀಟರಿನದ್ದು 10 ಮೀಟರ್ ಇದ್ದರೂ ಯಂತ್ರಕ್ಕೆ ಹೆಚ್ಚು ಕಡಿಮೆ ಒಂದೇ. ಕಾಗದದ ಮೇಲೆ ಇದು ಸಣ್ಣ ವಿಷಯ. ವ್ಯಾಪಾರದಲ್ಲಿ? ನಿಮ್ಮ ಆರು ಎಕರೆಗೆ 5 ಮೀಟರ್ ಅಂದರೆ ಸುಮಾರು 1 ಲಕ್ಷ 21 ಸಾವಿರ ಘನ ಮೀಟರ್ ಮಣ್ಣು. 10 ಮೀಟರ್ ಅಂದರೆ 2 ಲಕ್ಷ 43 ಸಾವಿರ. ಒಂದೇ ಸರ್ವೆಯಿಂದ ಎರಡು ಲೆಕ್ಕ! ನಿಮ್ಮಿಂದ ಕೊಳ್ಳುವವರು ಮೊದಲನೆಯದು ಹೇಳುತ್ತಾರೆ, ನಿಮ್ಮಿಂದ ಕೊಂಡು ಬೇರೆಯವರಿಗೆ ಮಾರುವವರು ಎರಡನೆಯದು. ಇದನ್ನು ಬಿಡಿಸುವುದು ನಿಮ್ಮ ಬಾವಿ. ಬಾವಿಯ ಪಕ್ಕದಲ್ಲೇ ಒಂದು ಗೆರೆ ಹಾಕಿಸಿ. ಬಾವಿಯಲ್ಲಿ ಶೇಡಿ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಗೆ ಕಾಣುತ್ತದಲ್ಲ, ಅದರಿಂದ ನಿಮ್ಮ ಶೇಡಿಯ ರೋಧ ಎಷ್ಟು ಅಂತ ಕಂಡುಹಿಡಿದು, ಅದನ್ನೇ ಉಳಿದ ಗೆರೆಗಳಿಗೆ ಹಚ್ಚಬೇಕು. ಶೇಡಿಯ ತಳ ಮುಟ್ಟದ ಬಾವಿಯಾದರೆ ಕೆಲಸ ಅರ್ಧ. ಆಗ ನೆರೆಯವರ ಬಾವಿಯನ್ನೂ ನೋಡಿ.

ಇಷ್ಟು ಸರಿಯಾಗಿ ಮಾಡಿದರೆ ಶೇಡಿ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ನಕ್ಷೆ ಸಿಗುತ್ತದೆ. ಆದರೆ ಅದರ ಬೆಲೆ? ಬಿಳಿ ಮಣ್ಣಿನ ಬೆಲೆ ಇರುವುದು ಬಿಳುಪಿನಲ್ಲಿ. ಒಂಚೂರು ಕಬ್ಬಿಣ ಸೇರಿ ಹಳದಿಯಾದರೂ ದರ ಬಿತ್ತು. ಬಿಳುಪು ಯಾವ ಯಂತ್ರಕ್ಕೂ ಕಾಣುವುದಿಲ್ಲ. ಬಿಳಿ ಶೇಡಿಗೂ ಹಳದಿ ಶೇಡಿಗೂ ರೋಧ ಒಂದೇ ಇರಬಹುದು. ಅಂದ ಹಾಗೆ, ‘ಮಂಗಳೂರು ಹಂಚಿನ ಮಣ್ಣು ಇದೇ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಬಳಸಿದ್ದು ನೇತ್ರಾವತಿ, ಗುರುಪುರ ಹೊಳೆ ಬದಿಯ ಅಂಟು ಮಣ್ಣು. ಹೊಳೆ ತಂದು ಹಾಕಿದ ಆ ಮಣ್ಣಿನ ಜಾತಿಯೇ ಬೇರೆ. ಶೇಡಿ ಇದ್ದಲ್ಲೇ ಕೊಳೆತದ್ದು.

ಬಾಕ್ಸೈಟ್ ವಿಷಯಕ್ಕೆ ಬರೋಣ. ಮಾತು ಪೂರ್ತಿ ಗಾಳಿಯದ್ದಲ್ಲ. ನಮ್ಮ ಜಿಲ್ಲೆಯಲ್ಲೇ ಬೈಂದೂರು ಕಡೆ ಪಡುವರಿಯಲ್ಲಿ ಬಾಕ್ಸೈಟ್ ಇದೆ. ಬೆಳಗಾವಿಯಲ್ಲಿ ಅದನ್ನೇ ನಂಬಿ ಅಲ್ಯುಮಿನಾ ಕಾರ್ಖಾನೆ ಬಂದದ್ದು. ಬಾಕ್ಸೈಟ್ ಅಂದರೆ ಮುರಕಲ್ಲಿನ ಅಣ್ಣತಮ್ಮ. ಕಬ್ಬಿಣ ಕಡಿಮೆ, ಅಲ್ಯುಮಿನಾ ಜಾಸ್ತಿ. ತೊಂದರೆ ಅಲ್ಲೇ ಇರುವುದು. ಎರಡೂ ತೂತು ತೂತು, ಎರಡೂ ಒಣಗಿದಾಗ ಕರೆಂಟಿಗೆ ತಡೆ. ರೋಧ ಸರ್ವೆ ‘ಮೇಲಿನ ಗಟ್ಟಿ ಹೊದಿಕೆ ಇಲ್ಲಿ ಏಳು ಮೀಟರ್ ದಪ್ಪ’ ಅಂತ ಹೇಳಬಲ್ಲದು. ಆ ಏಳರಲ್ಲಿ ಬಾಕ್ಸೈಟ್ ಎಷ್ಟು, ಬರೀ ಮುರಕಲ್ಲು ಎಷ್ಟು ಅಂತ ಹೇಳಲಾರದು. ಅದಕ್ಕೆ ಗುಂಡಿ ತೋಡಿ, ಮೀಟರಿಗೊಂದರಂತೆ ಮಾದರಿ ತೆಗೆದು, ಲ್ಯಾಬಿನಲ್ಲಿ ಅಲ್ಯುಮಿನಾ ಎಷ್ಟು ಶೇಕಡ, ಸಿಲಿಕಾ ಎಷ್ಟು ಅಂತ ನೋಡಬೇಕು. ಸಿಲಿಕಾ ಜಾಸ್ತಿ ಇದ್ದರೆ ಅಲ್ಯುಮಿನಾ ಎಷ್ಟಿದ್ದರೂ ಕಾರ್ಖಾನೆಯವರು ಮೂಗು ಮುರಿಯುತ್ತಾರೆ. ಸರ್ವೆಯಿಂದ ಆಗುವ ಉಪಕಾರ ಒಂದೇ: ಎಲ್ಲಿ ಹೊದಿಕೆ ತೆಳುವಾಗಿದೆಯೋ ಅಲ್ಲಿ ಸುಮ್ನೆ ಗುಂಡಿ ತೋಡುವುದು ತಪ್ಪುತ್ತದೆ. ದೊಡ್ಡ ಜಾಗದಲ್ಲಿ ಇದು ದೊಡ್ಡ ಉಳಿತಾಯ. ಆರು ಎಕರೆಯಲ್ಲಿ, ನಿಜ ಹೇಳಬೇಕೆಂದರೆ, ಅಂಥ ಉಳಿತಾಯ ಏನಿಲ್ಲ.

ನಿಮ್ಮ ಭಾವ ಮುಂದೆ ‘ಮ್ಯಾಗ್ನೆಟಿಕ್ ಸರ್ವೆ ಯಾಕೆ ಬೇಡ’ ಅಂತ ಕೇಳಬಹುದು. ಕುದುರೆಮುಖ ಕಾರ್ಕಳದಿಂದ ಎಷ್ಟು ದೂರ, ಅಲ್ವಾ? ಅಲ್ಲಿಯ ಅದಿರು ಮ್ಯಾಗ್ನೆಟೈಟ್. 2005ರ ಕೊನೆಗೆ ಗಣಿ ನಿಲ್ಲುವವರೆಗೂ ಅದನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಮ್ಯಾಗ್ನೆಟೈಟ್ ಹುಡುಕಲು ಕಾಂತ ಸರ್ವೆಯಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ‘ಕಬ್ಬಿಣದ ಅದಿರು’ ಅಂದ ಕೂಡಲೇ ಅದನ್ನೇ ತರಬೇಡಿ. ಬಳ್ಳಾರಿ, ಸಂಡೂರಿನದ್ದು ಹೆಮಟೈಟ್. ಅದು ಅಯಸ್ಕಾಂತಕ್ಕೆ ಹೆಚ್ಚುಕಮ್ಮಿ ಕಿವುಡು. ಅಲ್ಲಿ ಭಾರ ಅಳೆಯುವ ಗುರುತ್ವ ಸರ್ವೆ ಕೆಲಸಕ್ಕೆ ಬರುತ್ತದೆ. ನಿಮ್ಮ ಬಾಕ್ಸೈಟಿಗೂ ಶೇಡಿಗೂ ಕಾಂತ ಸರ್ವೆ ಏನೂ ಹೇಳುವುದಿಲ್ಲ. ಮುರಕಲ್ಲಿನಲ್ಲಿರುವ ಒಂದು ಬಗೆಯ ಕಾಂತೀಯ ಕಬ್ಬಿಣದ ತುಕ್ಕು ಮಾತ್ರ ಅಂಕಿಗಳನ್ನು ಅತ್ತಿತ್ತ ಕುಣಿಸುತ್ತದೆ.

ಆದರೂ ಒಂದು ಮಾತು ಹೇಳದೆ ಬಿಡಲಾರೆ, ಯಾಕೆಂದರೆ ಪುಸ್ತಕ ಓದಿ ಬಂದ ಹುಡುಗರೂ ಇಲ್ಲಿ ಎಡವುತ್ತಾರೆ. ಸ್ವೀಡನ್, ಕೆನಡಾದ ಪುಸ್ತಕಗಳಲ್ಲಿ ಕಾಂತ ನಕ್ಷೆಯ ದಿಬ್ಬದ (ಅಂಕಿ ಏರಿದ ಕಡೆಯ) ಅಡಿಯಲ್ಲಿ ಅದಿರು ಅಂತ ಇರುತ್ತದೆ. ಅಲ್ಲಿ ಭೂಮಿಯ ಕಾಂತಬಲ ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ನಾವು ಇರುವುದು ಕಾಂತೀಯ ಸಮಭಾಜಕದ ಹತ್ತಿರ. ಇಲ್ಲಿ ಅದು ಬಹುಮಟ್ಟಿಗೆ ಮಲಗಿಕೊಂಡೇ ಉತ್ತರಕ್ಕೆ ಹೋಗುತ್ತದೆ. ಹಾಗಾಗಿ ಇಲ್ಲಿ ಮ್ಯಾಗ್ನೆಟೈಟಿನ ನೆತ್ತಿಯ ಮೇಲೆ ಕಾಣುವುದು ದಿಬ್ಬವಲ್ಲ, ತಗ್ಗು. ದಿಬ್ಬ ದಕ್ಷಿಣಕ್ಕೆ ಸರಿದು ಕೂತಿರುತ್ತದೆ. ದಿಬ್ಬ ನೋಡಿ ಬೋರ್ ಹಾಕಿದವನಿಗೆ ಬರೀ ಕಲ್ಲು. ಉತ್ತರ ದಕ್ಷಿಣವಾಗಿ ಉದ್ದಕ್ಕೆ ಮಲಗಿದ ಡೈಕ್ (ಬೇರೆ ಕಲ್ಲಿನ ಬಿರುಕಿಗೆ ನುಗ್ಗಿ ಗಟ್ಟಿಯಾದ ಕರಿಕಲ್ಲಿನ ಗೋಡೆ) ಆದರಂತೂ, ಎದುರಿಗೇ ಇದ್ದರೂ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಇನ್ನು ನಮ್ಮ ಒಟ್ಟು ಕಾಂತಬಲ ಸುಮಾರು 40,000 ನ್ಯಾನೊಟೆಸ್ಲಾ. ಅದೂ ದಿನವಿಡೀ ಒಂದೇ ಇರುವುದಿಲ್ಲ. ಬೆಳಗಿನಿಂದ ಮಧ್ಯಾಹ್ನಕ್ಕೆ ಹತ್ತಾರು ನ್ಯಾನೊಟೆಸ್ಲಾ ಏರಿ ಸಂಜೆಗೆ ಇಳಿಯುತ್ತದೆ. ಒಂದು ಯಂತ್ರವನ್ನು ಒಂದೇ ಕಡೆ ಇಟ್ಟು ಈ ಏರಿಳಿತ ದಾಖಲಿಸದಿದ್ದರೆ, ಹೊತ್ತಿನ ಏರಿಳಿತವನ್ನೇ ಅದಿರು ಅಂದುಕೊಳ್ಳುತ್ತೀರಿ.

ನನ್ನದೇ ಕಥೆ ಕೇಳಿ. ಕೆಲಸಕ್ಕೆ ಸೇರಿದ ಹೊಸತು. ಘಟ್ಟದ ಬುಡದಲ್ಲಿ ಪೊದೆ ಕಾಡಿನ ನಡುವೆ ಐದು ಮೀಟರಿಗೊಂದರಂತೆ ಕಾಂತ ಅಳತೆ. ಬೆಲ್ಟ್ ಬಿಚ್ಚಿ, ವಾಚ್ ಬಿಚ್ಚಿ, ಬೀಗದ ಕೈಯನ್ನೂ ಜೀಪಿನಲ್ಲಿಟ್ಟು ಭಾರಿ ಶಿಸ್ತಿನಲ್ಲಿ ನಡೆದೆ. ರಾತ್ರಿ ಅಂಕಿ ಬರೆದು ನೋಡಿದರೆ ಚಂದದ ಮೂರು ಪಟ್ಟಿ, ಒಂದಕ್ಕೊಂದು ಸಮಾನಾಂತರ! ಮೂರು ಡೈಕ್ ಅಂತ ನಕ್ಷೆ ಬರೆದು ಹೆಮ್ಮೆಯಿಂದ ಮಲಗಿದೆ. ಮರುದಿನ ಅದೇ ಗೆರೆಯಲ್ಲಿ ಮತ್ತೆ ನಡೆದರೆ ಒಂದೂ ಇಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಗೊತ್ತಾಯಿತು. ಪೊದೆ ದಟ್ಟ ಇದ್ದ ಕಡೆ ದಾರಿ ಬಿಡಿಸಲು ನಮ್ಮ ಜೊತೆಯ ಆಳು ಮುಂದೆ ಮುಂದೆ ಹೋಗುತ್ತಿದ್ದ. ಅವನ ಸೊಂಟದ ಕೊಕ್ಕೆಯಲ್ಲಿ ಕತ್ತಿ. ಪೊದೆ ಇದ್ದ ಮೂರು ಪಟ್ಟಿಯಲ್ಲೂ ನನ್ನ ಯಂತ್ರ ಹಿಡಿದದ್ದು ಆ ಕತ್ತಿಯನ್ನು. ಎರಡನೇ ದಿನ ದಾರಿ ಆಗಿಯೇ ಇತ್ತು. ಅವನು ಹಿಂದೆ ಕೂತು ಬೀಡಿ ಸೇದುತ್ತಿದ್ದ. ‘ನಿಮ್ಮ ಮಿಷನ್ ಒಳ್ಳೆ ಉಂಟು ಮಾರಾಯ್ರೆ, ಕತ್ತಿ ಕಳೆದುಹೋದರೆ ಹುಡುಕಬಹುದು’ ಅಂದ. ನಿಮ್ಮ ಜಾಗದಲ್ಲಿ ಕತ್ತಿ ಬೇಡ, ತಂತಿ ಬೇಲಿ, ಬೋರ್‌ವೆಲ್‌ನ ಕೇಸಿಂಗ್ ಪೈಪ್, ಮೇಲೆ ಹೋಗುವ ವಿದ್ಯುತ್ ಲೈನ್ ಇಷ್ಟು ಸಾಕು ಯಂತ್ರದ ತಲೆ ಕೆಡಿಸಲು. ರೋಧ ಸರ್ವೆಗೂ ಬೇಲಿಯ ಪಕ್ಕದಲ್ಲಿ ಗೆರೆ ಹಾಕಬಾರದು.

ಉಳಿದ ವಿಧಾನಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನೆಲದ ರಾಡಾರ್ ತರುತ್ತೇವೆ ಅಂದರೆ ಬೇಡ ಅನ್ನಿ. ಒಣ ಮರಳಿನಲ್ಲಿ ಅದು ಚೆನ್ನಾಗಿ ಆಳಕ್ಕೆ ಹೋಗುತ್ತದೆ, ಒದ್ದೆ ಶೇಡಿ ಅದರ ಅಲೆಯನ್ನು ಒಂದೆರಡು ಮೀಟರಿನಲ್ಲೇ ನುಂಗಿಹಾಕುತ್ತದೆ. ಸುತ್ತಿಗೆ ಹೊಡೆದು ಅಲೆ ಅಳೆಯುವ ಹಳೆಯ ಬಗೆಯ ಸೀಸ್ಮಿಕ್ ಸರ್ವೆ, ಕೆಳಗೆ ಹೋದ ಹಾಗೆ ನೆಲ ಗಟ್ಟಿಯಾಗುತ್ತಾ ಹೋದರೆ ಮಾತ್ರ ಸರಿ. ನಮ್ಮಲ್ಲಿ ಉಲ್ಟಾ: ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಮೆತ್ತಗಿನ ಶೇಡಿ. ಆ ಶೇಡಿ ಅದಕ್ಕೆ ಕಾಣುವುದೇ ಇಲ್ಲ. ಮೇಲ್ಮೈ ಅಲೆಗಳನ್ನು ಅಳೆಯುವ ಹೊಸ ಬಗೆಯದ್ದು ಪರವಾಗಿಲ್ಲ, ಆದರೆ ಅದು ಕಟ್ಟಡದ ತಳಪಾಯ ನೋಡುವವರಿಗೆ ಹೆಚ್ಚು ಉಪಯೋಗ. ಐ.ಪಿ. ಅಂತ ಒಂದಿದೆ. ಕರೆಂಟ್ ನಿಲ್ಲಿಸಿದ ಮೇಲೂ ನೆಲದಲ್ಲಿ ಚಾರ್ಜ್ ಎಷ್ಟು ಹೊತ್ತು ಉಳಿಯುತ್ತದೆ ಅಂತ ನೋಡುವುದು. ತಾಮ್ರದಂಥ ಗಂಧಕದ ಅದಿರಿಗೆ ಬಹಳ ಒಳ್ಳೆಯದು, ಚಿತ್ರದುರ್ಗದ ಇಂಗಳದಾಳಿನಂಥ ನೆಲಕ್ಕೆ ಹೊಂದುತ್ತದೆ. ಶೇಡಿಯೂ ಸ್ವಲ್ಪ ಚಾರ್ಜ್ ಹಿಡಿದಿಡುತ್ತದೆ ಎನ್ನುವುದು ನಮ್ಮ ಕಡೆಯ ಕಾಟ.

ನೆಲದ ವಿದ್ಯುತ್ ಅಳೆದು ಅದಿರು ಹುಡುಕುವ ಈ ವಿದ್ಯೆಗೆ ಹೆಸರು ಬಂದದ್ದೂ ತಾಮ್ರದಿಂದಲೇ. 1913ರಲ್ಲಿ ಕಾನ್ರಾಡ್ ಶ್ಲುಂಬರ್ಜೆ ಎಂಬ ಫ್ರೆಂಚ್ ಇಂಜಿನಿಯರ್ ಸೆರ್ಬಿಯಾದ ಬೋರ್ ಎಂಬಲ್ಲಿ, ನೆಲದಲ್ಲಿ ತಾನಾಗಿ ಹುಟ್ಟುವ ಸಣ್ಣ ವೋಲ್ಟೇಜ್ ಅಳೆದು ತಾಮ್ರದ ಅದಿರು ಪತ್ತೆ ಮಾಡಿದ. ಊರಿನ ಹೆಸರೇ ಬೋರ್! ಅಂಥ ಅದಿರು ತಾನೇ ಒಂದು ಬ್ಯಾಟರಿಯ ಹಾಗೆ ವರ್ತಿಸುತ್ತದೆ. ಬಾಕ್ಸೈಟಿಗೆ ಆ ಗುಣ ಇಲ್ಲ. ಏಜೆಂಟರು ತೋರಿಸುವ ವಿದೇಶದ ವಿಡಿಯೋಗಳು ಹೆಚ್ಚಾಗಿ ಇಂಥ ಅದಿರಿನವು.

ಇನ್ನು ಕಾಗದಪತ್ರ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಭೂಕೋಶ್’ ಜಾಲತಾಣದಲ್ಲಿ ನಿಮ್ಮ ಊರಿನ ಕಲ್ಲಿನ ನಕ್ಷೆ ಪುಕ್ಕಟೆ ಸಿಗುತ್ತದೆ. ನಿಮ್ಮ ಭಾವನಿಗೆ ಆ ಕೆಲಸ ಕೊಡಿ, ಖುಷಿಯಿಂದ ಮಾಡುತ್ತಾರೆ. ಬಾಕ್ಸೈಟ್ ಪ್ರಧಾನ ಖನಿಜ. 1957ರ ಗಣಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅದನ್ನು ತೆಗೆಯುವುದು ಮಾತ್ರ ಅಲ್ಲ, ಶೋಧನೆ ಮಾಡುವುದೂ ತಪ್ಪು. 2015ರಿಂದ ಗಣಿ ಗುತ್ತಿಗೆ ಹರಾಜಿನಲ್ಲಿ ಹೋಗುತ್ತದೆ. ‘ನಾನು ಗುತ್ತಿಗೆ ಮಾಡಿಸಿಕೊಡುತ್ತೇನೆ, ಅಡ್ವಾನ್ಸ್ ಕೊಡಿ’ ಅಂದರೆ ಬಾಗಿಲು ತೋರಿಸಿ. ಮುರಕಲ್ಲು, ಬಿಳಿ ಮಣ್ಣು, ಸಿಲಿಕಾ ಮರಳು 2015ರ ಫೆಬ್ರವರಿಯಿಂದ ಉಪಖನಿಜಗಳ ಪಟ್ಟಿಯಲ್ಲಿವೆ. ಅವುಗಳ ನಿಯಮ ರಾಜ್ಯದ್ದು. ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಹೋಗಿ ಕೇಳಿದರೆ ಹೇಳುತ್ತಾರೆ. ಅಡಿಯ ಖನಿಜ ಯಾರದ್ದು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2013ರಲ್ಲಿ ಮಲಬಾರಿನ ಪ್ರಕರಣವೊಂದರಲ್ಲಿ, ಕಾನೂನಿನಿಂದ ಕಿತ್ತುಕೊಂಡಿರದಿದ್ದರೆ ಜಾಗದವರದ್ದೇ ಅಂದಿದೆ. ಆದರೆ ಒಡೆತನ ಬೇರೆ, ತೆಗೆಯುವ ಅನುಮತಿ ಬೇರೆ. ಪಾಲಿನ ಮಾತುಕತೆ ನಡೆಯುತ್ತಿದೆ ಅಂದಿರಿ, ಹಾಗಾಗಿ ಇದನ್ನು ವಕೀಲರ ಹತ್ತಿರ ಈಗಲೇ ಕೇಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಬಾಕ್ಸೈಟ್, ಚಿನ್ನ ಎರಡನ್ನೂ ಬದಿಗಿಟ್ಟು ಶೇಡಿಯ ಮಾತು ಮಾತ್ರ ಮುಂದುವರಿಸುತ್ತಿದ್ದೆ. ಅದೂ ಕೊಳ್ಳುವವರು ಸರ್ವೆ ಖರ್ಚು ಕೊಡುತ್ತಾರೆ ಅಂತಾದರೆ. ಇಲಾಖೆಯಲ್ಲಿ ಕೇಳಿಕೊಂಡು, ದೀಪಾವಳಿ ಕಳೆದ ಮೇಲೆ ಮೂರು ಗೆರೆ: ಒಂದು ಬಾವಿಯ ಪಕ್ಕ, ಒಂದು ಪದವಿನ ನಡುವೆ, ಒಂದು ಅದಕ್ಕೆ ಅಡ್ಡಲಾಗಿ. ಎರಡು ದಿನದ ಕೆಲಸ. ಆಮೇಲೆ ಶೇಡಿ ದಪ್ಪ ಕಂಡ ಕಡೆ ಎರಡು, ತೆಳು ಕಂಡ ಕಡೆ ಬೇಕೆಂದೇ ಒಂದು ರಂಧ್ರ ಕೊರೆಸಿ ಮಾದರಿ ಲ್ಯಾಬಿಗೆ. ತೆಳು ಕಡೆಯದ್ದನ್ನು ದುಡ್ಡು ದಂಡ ಅಂತ ಬಿಡಬೇಡಿ. ಸರ್ವೆ ಸರಿಯೋ ತಪ್ಪೋ ಅಂತ ಹೇಳುವುದು ಅದೇ. ಒಪ್ಪಂದದಲ್ಲಿ ಮಣ್ಣಿನ ಲೆಕ್ಕ ರಂಧ್ರದ ಅಳತೆಯ ಮೇಲೆ ಇರಬೇಕು, ಬಣ್ಣದ ಚಿತ್ರದ ಮೇಲೆ ಅಲ್ಲ.

ಈಗ ಮಳೆಗಾಲ, ಬಾವಿ ತುಂಬಿರುತ್ತದೆ. ಬೇಸಿಗೆಯಲ್ಲಿ ನೋಡಿದ ನೆನಪು ಮನೆಯ ಹಿರಿಯರಿಗೆ ಇರುತ್ತದೆ. ಬಾವಿ ತೋಡುವಾಗ ಎಷ್ಟು ಕೋಲಿಗೆ ಮುರಕಲ್ಲು ಮುಗಿಯಿತು, ಎಷ್ಟು ಕೋಲಿಗೆ ಬಿಳಿ ಮಣ್ಣು ಬಂತು, ಪಾದೆ ಸಿಕ್ಕಿತಾ ಇಲ್ಲವಾ ಅಂತ ಕೇಳಿ ಒಂದು ಕಾಗದದಲ್ಲಿ ಬರೆದು ಕಳಿಸಿ. ನೆರೆಯ ಎರಡು ಮನೆಯ ಬಾವಿಯದ್ದೂ ಸಿಕ್ಕಿದರೆ ಒಳ್ಳೆಯದು. ಗೆರೆ ಎಲ್ಲಿ ಹಾಕಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.